ಶನಿವಾರದ ಮೊಳೆ

ಬೆಳಿಗ್ಗೆ ವರಾಂಡದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಈ ವಯಸ್ಸಿನಲ್ಲಿ ನನಗೆ ಮನೆಯವರು ಬಿಟ್ಟಿರುವ ಕೆಲಸ ಅದೊಂದೇ. ಗೇಟಿನ ಹತ್ತಿರ ಮಗಳು ಕಾರಿನ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತು ಏನೋ ಗುದ್ದಾಡುತ್ತಿದ್ದಳು. ಅಷ್ಟರಲ್ಲಿ ಗಾಳಿಯಲ್ಲಿ ಒಂದು ವಾಸನೆ ಬಂತು. ರಬ್ಬರಿನದು, ಸ್ವಲ್ಪ ಪೆಟ್ರೋಲಿನ ಹಾಗೆ, ಮೂಗಿನ ಮೇಲ್ಗಡೆ ಹೋಗಿ ಕೂರುವಂಥದ್ದು. ನನ್ನ ಕೈ ಅಲ್ಲೇ ನಿಂತಿತು.

"ಏನೇ ಅದು ವಾಸನೆ?"

"ಪಂಕ್ಚರ್ ಕಿಟ್ಟಮ್ಮ. ಆನ್‌ಲೈನಲ್ಲಿ ತರಿಸಿದ್ದೆ. ಟೈರ್ ಬಿಚ್ಚೋದೇ ಬೇಡ, ಇಲ್ಲೇ ಆಗೋಗತ್ತೆ."

ನೋಡಿದೆ. ಇಕ್ಕಳದಿಂದ ಟೈರಿನಲ್ಲಿ ಕಚ್ಚಿಕೊಂಡಿದ್ದ ಮೊಳೆ ಎಳೆದಳು. ಅರದ ಹಾಗಿರುವ ಒಂದು ಸರಳನ್ನು ಆ ತೂತಿಗೆ ಚುಚ್ಚಿ ತಿರುಗಿಸಿದಳು. ಅಂಟಂಟಾದ ಕಂದು ಬತ್ತಿಯೊಂದಕ್ಕೆ ಸಲ್ಯೂಷನ್ ಬಳಿದು, ದಬ್ಬಳದಂಥ ಸೂಜಿಗೆ ಪೋಣಿಸಿ, ಒಳಕ್ಕೆ ತುರುಕಿ, ಸೂಜಿಯನ್ನು ಮಾತ್ರ ಹಿಂದಕ್ಕೆ ಎಳೆದುಕೊಂಡಳು. ಹೊರಗೆ ಉಳಿದ ತುದಿಯನ್ನು ಬ್ಲೇಡಿನಿಂದ ಕತ್ತರಿಸಿದಳು. ಮುಗಿಯಿತಂತೆ. ಟ್ಯೂಬ್ ಎಲ್ಲಿ ಅಂತ ಕೇಳಿದರೆ ನಕ್ಕಳು. ಈಗಿನ ಟೈರಿಗೆ ಟ್ಯೂಬೇ ಇಲ್ಲವಂತೆ. ಒಳ್ಳೇ ಕತೆ.

ಟ್ಯೂಬ್ ಇದ್ದ ಕಾಲ ನನಗೆ ಗೊತ್ತು. ಓನರ್ ಮಾವನಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು…

ಮದುವೆಯಾದ ಹೊಸದರಲ್ಲಿ ನಾವು ಜಯನಗರದ ಒಂದು ಮನೆಯ ಔಟ್‌ಹೌಸಿನಲ್ಲಿ ಬಾಡಿಗೆಗಿದ್ದೆವು. ಅರವತ್ತರ ದಶಕದ ಮೊದಲ ವರ್ಷಗಳು. ಜಯನಗರ ಅಂದರೆ ಆಗ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಜಾಸ್ತಿ. ಮುಂದಿನ ದೊಡ್ಡ ಮನೆಯಲ್ಲಿ ಸರ್ಕಾರಿ ಕೆಲಸದಿಂದ ರಿಟೈರಾದ ಯಜಮಾನರು, ಅವರ ಹೆಂಡತಿ, ಇಬ್ಬರೇ. 'ಯಜಮಾನರು' ಅಂತ ಕರೆದರೆ ನನ್ನ ಗಂಡ ತಿರುಗಿ ನೋಡುತ್ತಿದ್ದರು. ಹಾಗಾಗಿ ಅವರು ನನಗೆ ಓನರ್ ಮಾವ, ಆಕೆ ಅತ್ತೆ.

ಮಾವನ ಹತ್ತಿರ ಒಂದು ಹಳೇ ಕಪ್ಪು ಕಾರಿತ್ತು. ಶೋಕಿಗೆ ಇಟ್ಟುಕೊಂಡದ್ದಲ್ಲ. ಅತ್ತೆಗೆ ಕೀಲುನೋವು. ಮಂಡಿ ಊದಿ, ಬೆರಳು ಸೊಟ್ಟಗಾಗಿ, ಬಸ್ಸಿನ ಮೆಟ್ಟಿಲು ಹತ್ತುವುದಿರಲಿ ನಮ್ಮ ಮನೆ ಹೊಸ್ತಿಲು ದಾಟುವುದಕ್ಕೂ ಗೋಡೆ ಹಿಡಿಯಬೇಕಿತ್ತು. ಬೇಗೂರು ಆಕೆಯ ತವರು. ಅಲ್ಲಿ ತುಂಬಾ ವಯಸ್ಸಾದ ತಾಯಿ ಇದ್ದರು. ತಾಯಿಯನ್ನು ಆಗಾಗ ನೋಡಿಕೊಂಡು ಬರಬೇಕು, ಅದಕ್ಕೆ ಕಾರು ಬೇಕು. ಆಕೆಗೆ ಬೇರೆ ಯಾವ ಆಸೆಯೂ ಇದ್ದಂತೆ ನನಗೆ ಕಾಣಲಿಲ್ಲ.

ಆ ಕಾರಿಗೆ ಶನಿ ಅಂದರೆ ಲಾಳದ ಮೊಳೆ. ಸಾರಕ್ಕಿ ಕಡೆಯ ತರಕಾರಿ ಗಾಡಿಗಳು ಮಾರ್ಕೆಟ್ಟಿಗೆ ನಮ್ಮ ಮನೆ ಮುಂದೆಯೇ ಹೋಗುತ್ತಿದ್ದವು. ಎತ್ತಿನ ಗೊರಸಿಗೆ ಹೊಡೆದ ಲಾಳ ಸಡಿಲವಾಗಿ ಮೊಳೆಗಳು ದಾರಿಯುದ್ದಕ್ಕೂ ಉದುರುತ್ತಿದ್ದವು. ಮಾವನ ಕಾರು ಅವನ್ನೆಲ್ಲ ಹುಡುಕಿಕೊಂಡು ಹೋಗಿ ತುಳಿಯುತ್ತಿತ್ತು. ಸ್ಟೆಪ್ನಿ ಇತ್ತು, ಹೆಸರಿಗೆ. ಅದರ ಟೈರು ಸೀಳಿ ಬಹಳ ಕಾಲವಾಗಿತ್ತು, ಹೊಸದು ಆಗ ಕೇಳಿದ ತಕ್ಷಣ ಸಿಗುತ್ತಲೂ ಇರಲಿಲ್ಲ. ಪಂಕ್ಚರ್ ಹಾಕುವ ಅಂಗಡಿ ಅಂತ ಹತ್ತಿರದಲ್ಲಿ ಒಂದೂ ಇರಲಿಲ್ಲ. ಹಾಗಾಗಿ ಮಾವ ತಾವೇ ಹಾಕುತ್ತಿದ್ದರು.

ಅವರು ಸುಸ್ತಾದ ಮನುಷ್ಯ. ಬೆಳಿಗ್ಗೆ ಎದ್ದಾಗಲೇ ಸುಸ್ತಾಗಿರುತ್ತಿದ್ದರು. ಬಿಸಿನೀರು ಕಾಯಿಸುವುದು, ಹೆಂಡತಿಯ ಕಾಲಿಗೆ ಎಣ್ಣೆ ತಿಕ್ಕುವುದು, ಆಕೆ ಕೂತಲ್ಲಿಂದ ಹೇಳಿದ ಹಾಗೆ ಸಾರು ಕುದಿಸುವುದು, ಎಲ್ಲ ಅವರೇ. ಕಾರು ಒಂದು ಕಡೆ ವಾಲಿ ನಿಂತಿರುವುದು ಕಂಡರೆ "ಉಸ್ಸಪ್ಪಾ" ಅಂತ ಒಂದು ಉಸಿರು ಬಿಡುತ್ತಿದ್ದರು. ಬಯ್ಯುತ್ತಿರಲಿಲ್ಲ. ಅಂಗಿ ಕಳಚಿ ಬನಿಯನ್ನಿನಲ್ಲಿ ಜಾಕ್ ಹಿಡಿದು ಕೂರುತ್ತಿದ್ದರು.

ಅತ್ತೆಗೆ ಮೆಟ್ಟಿಲ ಮೇಲೆ ಚಾಪೆ ಹಾಸಿ ಕೂರಿಸುವುದು ನನ್ನ ಕೆಲಸ. ಮಾವ ಚಕ್ರ ಬಿಚ್ಚಿ, ಲಿವರ್ ಹಾಕಿ ಟೈರನ್ನು ಎಬ್ಬಿಸಿ, ಒಳಗಿನ ಟ್ಯೂಬನ್ನು ಹೊರಗೆಳೆದು ಗಾಳಿ ತುಂಬುತ್ತಿದ್ದರು. ಉಳಿದವರಾದರೆ ತೂತು ಹುಡುಕುವುದಕ್ಕೆ ಟ್ಯೂಬನ್ನು ನೀರಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಾರೆ. ಇವರ ಮನೆಯಲ್ಲಿ ಹಾಗಲ್ಲ. ಟ್ಯೂಬನ್ನು ಅತ್ತೆಯ ತೊಡೆಯ ಮೇಲಿಡುತ್ತಿದ್ದರು. ಆಕೆ ಅದಕ್ಕೆ ಕೆನ್ನೆ ಒತ್ತಿ, ಕಣ್ಣು ಮುಚ್ಚಿ, ನಿಧಾನಕ್ಕೆ ಸುತ್ತ ಸರಿಸುತ್ತಾ ಹೋಗುತ್ತಿದ್ದರು. ಬೆರಳುಗಳಿಗೆ ಸ್ಪರ್ಶ ಸರಿಯಾಗಿ ಗೊತ್ತಾಗುತ್ತಿರಲಿಲ್ಲ, ಕೆನ್ನೆಗೆ ಗೊತ್ತಾಗುತ್ತಿತ್ತು. "ಇಲ್ಲಿ ನೋಡಿ" ಅಂದರೆ ಅಲ್ಲೇ ತೂತು. ಒಂದು ಸಲವೂ ತಪ್ಪಿದ್ದು ನಾನು ನೋಡಿಲ್ಲ.

ಆಮೇಲೆ ಮಾವ ಅಲ್ಲಿ ಉಪ್ಪುಕಾಗದ ಉಜ್ಜಿ, ಸಲ್ಯೂಷನ್ ಬಳಿದು, ಒಣಗಲು ಬಿಟ್ಟು, ಪ್ಯಾಚ್ ಅಂಟಿಸುತ್ತಿದ್ದರು. ಟ್ಯೂಬು ಟೈರಿಗೆ ಅಂಟಬಾರದಲ್ಲ, ಅದಕ್ಕೆ ಅತ್ತೆ ತಮ್ಮ ಮುಖದ ಪೌಡರನ್ನೇ ಡಬ್ಬಿಯಿಂದ ಉದುರಿಸುತ್ತಿದ್ದರು. "ನಮ್ಮ ಕಾರಿಗೆ ನನಗಿಂತ ಜಾಸ್ತಿ ಅಲಂಕಾರ" ಅಂತ ನಗುತ್ತಿದ್ದರು. ಆ ಸಲ್ಯೂಷನ್ ವಾಸನೆಯ ಜೊತೆ ಪೌಡರಿನ ವಾಸನೆ… ಇವತ್ತು ಮಗಳ ಕಿಟ್ಟಿನಲ್ಲಿ ಅದೊಂದು ಇರಲಿಲ್ಲ.

ಕಿತ್ತ ಮೊಳೆಗಳನ್ನು ಮಾವ ಕಿಟಕಿಯ ಮೇಲೆ ಒಂದು ತಗಡಿನ ಡಬ್ಬಿಗೆ ಹಾಕಿಡುತ್ತಿದ್ದರು, ಬೀದಿಯಲ್ಲಿ ಬಿದ್ದರೆ ಇನ್ನೊಬ್ಬರ ಕಾಲಿಗೋ ಚಕ್ರಕ್ಕೋ ಚುಚ್ಚುತ್ತೆ ಅಂತ. ಆದರೆ ಶನಿವಾರ ಮಾತ್ರ ಅತ್ತೆ ಬಿಡುತ್ತಿರಲಿಲ್ಲ. ಶನಿವಾರ ಕಬ್ಬಿಣ ಮನೆಯೊಳಗೆ ತರಬಾರದು, ಶನಿ ಜೊತೆಗೇ ಬರುತ್ತಾನೆ. ನಮ್ಮ ತಾಯಿಯೂ ಹಾಗೇ ಹೇಳುತ್ತಿದ್ದರು, ಆಗ ಹೇಳದವರೇ ಇರಲಿಲ್ಲ.

ಒಂದು ಶನಿವಾರ ಹಾಗೇ ಆಯಿತು. ಟೈರಿನಿಂದ ಉದ್ದನೆಯ ಲಾಳದ ಮೊಳೆಯೊಂದು ಸಿಕ್ಕಿತು. ಎಷ್ಟು ಗಟ್ಟಿಯಾಗಿ ಕೂತಿತ್ತೆಂದರೆ ಇಕ್ಕಳದ ಹಿಡಿತಕ್ಕೆ ಅದರ ತಲೆ ಒಂದು ಪಕ್ಕ ಜಜ್ಜಿಹೋಗಿ, ಇಕ್ಕಳದ ಹಲ್ಲಿನ ಗೆರೆ ಮೂಡಿತ್ತು. ಮಾವ ಒಳಗೆ ಹೊರಟರು.

"ರೀ, ಎಲ್ಲಿಗೆ? ಶನಿವಾರ ಕಬ್ಬಿಣ ಒಳಗೆ ತರಬೇಡಿ."

"ಹಾಗಾದ್ರೆ ಶನಿವಾರ ಕಾರನ್ನೂ ಬೀದೀಲೇ ನಿಲ್ಲಿಸ್ಲೇನೆ?"

"ಅದು ನಮ್ಮನೆ ಕಬ್ಬಿಣ. ಈ ಮೊಳೆ ಯಾರ ಮನೇದೋ."

ಮಾವ ನನ್ನ ಮುಖ ನೋಡಿ ನಕ್ಕರು. ಮೊಳೆಯನ್ನು ಗೇಟಿನ ಪಕ್ಕ ಕಾಂಪೌಂಡ್ ಗೋಡೆಯ ಮೇಲಿಟ್ಟು, ನಾಳೆ ತೆಗೆದಿಟ್ಟರಾಯಿತು ಅಂದರು. ನಾವು ಮೂವರೂ ಕಾಫಿ ಕುಡಿದೆವು. ಮಾರನೇ ದಿನ ಯಾರಿಗೂ ಅದರ ನೆನಪಾಗಲಿಲ್ಲ, ಅಂತ ನಾನು ಬಹಳ ಕಾಲ ತಿಳಿದಿದ್ದೆ.

ಸೋಮವಾರ ಬೆಳಿಗ್ಗೆ ಬೇಗೂರಿನಿಂದ ಒಬ್ಬ ಸೈಕಲ್ ತುಳಿದುಕೊಂಡು ಬಂದ. ಅತ್ತೆಯ ತಾಯಿಗೆ ಉಸಿರು ಏರುತ್ತಿದೆ, ಮಗಳನ್ನು ಕೇಳುತ್ತಿದ್ದಾರೆ, ಬೇಗ ಬರಬೇಕಂತೆ ಅಂದ. ಅತ್ತೆ ಅಳಲಿಲ್ಲ. "ಕಾರ್ ತೆಗೀರಿ" ಅಂದರು, ಅಷ್ಟೇ. ಆಕೆಯನ್ನು ಹಿಡಿದುಕೊಳ್ಳಲು ಒಬ್ಬರು ಬೇಕಿತ್ತು, ನಾನೂ ಹತ್ತಿದೆ.

ಬನ್ನೇರುಘಟ್ಟ ರಸ್ತೆ ಬಿಟ್ಟು ಹುಳಿಮಾವಿನ ಕೆರೆಯ ಹತ್ತಿರ ಮಣ್ಣುದಾರಿಗೆ ಇಳಿದೆವು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಾರು ಒಂದು ಕಡೆಗೆ ಎಳೆಯತೊಡಗಿತು. ಮಾವ ನಿಲ್ಲಿಸಿ ಇಳಿದು ನೋಡಿದರು. ಹಿಂದಿನ ಚಕ್ರದಲ್ಲಿ ಗಾಳಿಯೇ ಇರಲಿಲ್ಲ. ಸುತ್ತ ರಾಗಿ ಹೊಲ ಬಿಟ್ಟರೆ ಒಂದು ನರಪಿಳ್ಳೆಯಿಲ್ಲ. ಒಂದು ಎತ್ತಿನ ಗಾಡಿ ಬಂತು, ಅದೂ ಎದುರು ದಿಕ್ಕಿಗೆ. ಉಸ್ಸಪ್ಪಾ ಅಂತ ಕೂಡ ಅನ್ನದೆ ಮಾವ ಜಾಕ್ ತೆಗೆದರು.

ನಾನು ಇಳಿದು ಅವರ ಪಕ್ಕ ನಿಂತಿದ್ದೆ. ಅವರು ಟೈರಿನಿಂದ ಮೊಳೆ ಎಳೆದರು. ಎಳೆದವರು ಹಾಗೇ ಕೂತುಬಿಟ್ಟರು. ಅಂಗೈ ಮೇಲೆ ಲಾಳದ ಮೊಳೆ. ತಲೆ ಒಂದು ಪಕ್ಕ ಜಜ್ಜಿಹೋಗಿದೆ, ಇಕ್ಕಳದ ಗೆರೆ ಹಾಗೇ ಇದೆ. ಗೋಡೆಯ ಮೇಲಿಂದ ಹೇಗೆ ಬಿತ್ತೋ, ಬೆಕ್ಕು ನೂಕಿತೋ, ದನ ಮೈ ಉಜ್ಜಿತೋ… ಗೇಟಿನ ಮುಂದೆಯೇ ಬಿದ್ದು ನಮಗಾಗಿ ಕಾದಿತ್ತು. ಮಾವ ತಲೆಯೆತ್ತಿ ನನ್ನನ್ನು ನೋಡಿದರು. ನನಗೆ ಗೊತ್ತಾಯಿತು ಅಂತ ಅವರಿಗೂ ಗೊತ್ತಾಯಿತು.

"ಏನ್ರೀ ಅದು?" ಅತ್ತೆ ಸೀಟಿನಿಂದ ಕೇಳಿದರು.

"ಗಾಜು ಕಣೆ. ಯಾರೋ ಬಾಟ್ಲಿ ಒಡೆದಿದ್ದಾರೆ." ಮೊಳೆಯನ್ನು ಅಂಗಿಯ ಜೇಬಿಗೆ ಹಾಕಿಕೊಂಡರು.

ಟ್ಯೂಬಿಗೆ ಗಾಳಿ ಹೊಡೆದು ಆಕೆಯ ತೊಡೆಯ ಮೇಲಿಟ್ಟರು. ಆಕೆ ಕೆನ್ನೆ ಒತ್ತಿದರು. ಆವತ್ತು ಸ್ವಲ್ಪ ಹೊತ್ತು ಹಾಗೇ ಒತ್ತಿಕೊಂಡೇ ಇದ್ದರು. ಆಮೇಲೆ "ಇಲ್ಲಿ" ಅಂದರು.

ಸಲ್ಯೂಷನ್ ಬಳಿದರೆ ಅದು ಒಣಗಬೇಕು. ಒಣಗದೆ ಪ್ಯಾಚ್ ಹಿಡಿಯುವುದಿಲ್ಲ. ಅದು ಗೊತ್ತಿದ್ದೂ ಮಾವ ಅವಸರಪಟ್ಟು ಒತ್ತಿದರು. ಗಾಳಿ ಹೊಡೆದರೆ ಪ್ಯಾಚ್ ಎದ್ದು ಬಂತು. ಮತ್ತೆ ಕೆರೆದು, ಮತ್ತೆ ಬಳಿದು, ಟ್ಯೂಬನ್ನು ಬಿಸಿಲಿಗೆ ಹಿಡಿದು ಬಾಯಿಂದ ಊದುತ್ತಾ ನಿಂತರು. ನಾನು ಸೆರಗಿನಿಂದ ಬೀಸಿದೆ. ಕಾರಿನೊಳಗೆ ಅತ್ತೆ ತನ್ನಷ್ಟಕ್ಕೆ ಮಾತಾಡುತ್ತಿದ್ದರು. ಅಮ್ಮನಿಗೆ ಈ ಕಾರಿನ ಸದ್ದು ಗೊತ್ತು, ಊರ ಬಾಗಿಲಲ್ಲಿ ಕೇಳಿಸಿದರೆ ಸಾಕು, ಒಲೆಗೆ ಸೌದೆ ಒಟ್ಟುತ್ತಾಳೆ ಅಂತ.

ಬೇಗೂರು ಮುಟ್ಟಿದಾಗ ಮನೆ ಮುಂದೆ ಜನ ನಿಂತಿದ್ದರು. ಕಾರನ್ನು ನೋಡಿ ಅವರೆಲ್ಲ ಸುಮ್ಮನೆ ದಾರಿ ಬಿಟ್ಟ ರೀತಿಯಲ್ಲೇ ಎಲ್ಲ ತಿಳಿಯಿತು. ಅತ್ತೆಯ ಅತ್ತಿಗೆ ಓಡಿಬಂದು ಕಾರಿನ ಬಾಗಿಲು ಹಿಡಿದು ಅತ್ತರು. "ಈಗ್ತಾನೆ ಹೋಯ್ತು ಜೀವ. ಕಾರ್ ಸದ್ದಾಯ್ತಾ ನೋಡ್ರೇ, ಕಾರ್ ಸದ್ದಾಯ್ತಾ ನೋಡ್ರೇ ಅಂತಾನೇ ಇದ್ರು."

ಆಕೆಯನ್ನು ಒಳಗೆ ಬಿಟ್ಟು ನಾನು ಹೊರಗೆ ಬಂದಾಗ ಮಾವ ದನದ ತೊಟ್ಟಿಯ ಹತ್ತಿರ ಮಣ್ಣು ಹಾಕಿ ಕೈ ತೊಳೆಯುತ್ತಿದ್ದರು. ತೊಳೆದೇ ತೊಳೆಯುತ್ತಿದ್ದರು. ನನ್ನ ಕಡೆ ತಿರುಗದೆ ಹೇಳಿದರು:

"ಅವಳಿಗೆ ಹೇಳ್ಬೇಡಮ್ಮ. ತನ್ನ ಮಾತಿಂದ್ಲೇ ಹೀಗಾಯ್ತು ಅಂತ ಅವಳ ತಲೇಲಿ ಕೂತ್ರೆ ಅದು ಜೀವ ಇರೋವರ್ಗೂ ಹೋಗಲ್ಲ. ತಪ್ಪು ನಂದು. ಭಾನುವಾರ ತೆಗೀತೀನಿ ಅಂದೋನು ಮರ್ತೆ."

ನಾನು ಹೇಳಲಿಲ್ಲ. ಮಾವ ಆಮೇಲೂ ಪಂಕ್ಚರ್ ಹಾಕುತ್ತಲೇ ಇದ್ದರು, ಅತ್ತೆ ಕೆನ್ನೆ ಇಡುತ್ತಲೇ ಇದ್ದರು. ಆದರೆ ಶನಿವಾರ ಟೈರು ಕೂತರೆ ಮಾವ ಅದನ್ನು ಮುಟ್ಟುತ್ತಿರಲಿಲ್ಲ. "ನಾಳೆ ನೋಡೋಣ ಬಿಡು, ಮೈಕೈ ನೋವು" ಅನ್ನುತ್ತಿದ್ದರು. ಯಾಕೆ ಅಂತ ಅತ್ತೆ ಒಮ್ಮೆಯೂ ಕೇಳಲಿಲ್ಲ. ಬೇಗೂರಿಗೆ ಹೋಗುವುದು ಕಡಿಮೆಯಾಯಿತು. ಕಾರಿಗೂ ಕೆಲಸ ಕಡಿಮೆಯಾಯಿತು, ಮಾವನಿಗೆ ಮಾತ್ರ ಸುಸ್ತು ಜಾಸ್ತಿಯಾಯಿತು. ಕೆಲವು ವರ್ಷ ಕಳೆದು ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಅಯ್ಯೋ, ಅವರು ಅಷ್ಟು ನೆಮ್ಮದಿಯಾಗಿ ಮಲಗಿದ್ದನ್ನು ನಾನು ಮೊದಲು ಯಾವತ್ತೂ ನೋಡಿರಲಿಲ್ಲ.

ಅವರು ಹೋದ ಮೇಲೆ ಕಾರು ಟಾರ್ಪಾಲಿನ ಕೆಳಗೆ ನಿಂತಿತು. ಒಂದೊಂದೇ ಚಕ್ರ ಕೂತು, ಕೊನೆಗೆ ನಾಲ್ಕೂ ನೆಲ ಹಿಡಿದವು. ಒಂದು ಬೆಳಿಗ್ಗೆ ಗೇಟಿನ ಮುಂದೆ ಗುಡಿಸುವಾಗ ನನ್ನ ಪೊರಕೆಗೆ ಒಂದು ಲಾಳದ ಮೊಳೆ ಸಿಕ್ಕಿತು. ಎತ್ತಿ ಕಾಂಪೌಂಡ್ ಗೋಡೆಯ ಮೇಲಿಡಲು ಹೋದೆ. ಮೆಟ್ಟಿಲ ಮೇಲೆ ಕೂತಿದ್ದ ಅತ್ತೆ, "ಅಲ್ಲಿಡಬೇಡ ಕಣೆ. ಒಳಗೆ ತಗೊಂಬಾ" ಅಂದರು.

"ಅತ್ತೆ, ಇವತ್ತು ಶನಿವಾರ."

"ಗೊತ್ತು."

ಮೊಳೆಯನ್ನು ನನ್ನ ಕೈಯಿಂದ ಇಸಿದುಕೊಂಡು ಆ ಸೊಟ್ಟ ಬೆರಳುಗಳ ನಡುವೆ ತಿರುಗಿಸಿ ನೋಡಿದರು. ಆಮೇಲೆ ಹೇಳಿದರು:

"ಗಾಜು ಅಂದ್ರು ಅವತ್ತು. ಗಾಜು ಸೀಳತ್ತೆ ಕಣೆ, ಗಾಳಿ ಅಗಲವಾಗಿ ಬರತ್ತೆ. ಮೊಳೆ ಚುಚ್ಚಿದ್ರೆ ಸಣ್ಣ ಎಳೆ ಥರ ಬರತ್ತೆ. ಎಷ್ಟು ಟ್ಯೂಬಿಗೆ ಕೆನ್ನೆ ಇಟ್ಟಿದೀನಿ ನಾನು, ನಂಗೊತ್ತಾಗಲ್ವಾ? ಭಾನುವಾರ ಗೋಡೆ ಮೇಲೆ ನೋಡಿದ್ದೆ, ಮೊಳೆ ಇರ್ಲಿಲ್ಲ. ಅವರೇ ತೆಗೆದಿಟ್ರು ಅಂದ್ಕೊಂಡೆ."

"ಮತ್ತೆ ಮಾವನಿಗೆ ಹೇಳಲೇ ಇಲ್ಲವಲ್ಲ ಅತ್ತೆ, ನಿಮಗೆ ಗೊತ್ತು ಅಂತ?"

"ಹೇಗೇ ಹೇಳ್ಲಿ? ನಂಗೆ ನೋವಾಗ್ಬಾರ್ದು ಅಂತ ಅಷ್ಟು ಕಷ್ಟಪಟ್ಟು ಸುಳ್ಳು ಹೇಳಿದ್ರು. ನಂಬಿದ ಹಾಗೆ ಇದ್ಬಿಟ್ಟೆ."

ನನಗೆ ತಡೆಯಲಾಗಲಿಲ್ಲ, ಪೊರಕೆ ಹಿಡಿದುಕೊಂಡೇ ಅತ್ತುಬಿಟ್ಟೆ. ಆಕೆ ಅಳಲಿಲ್ಲ. ಎದ್ದು ಗೋಡೆ ಹಿಡಿದು ಹಿಡಿದು ಒಳಗೆ ಹೋದರು. ಕಿಟಕಿಯ ಮೇಲಿನ ತಗಡಿನ ಡಬ್ಬಿಯಲ್ಲಿ ಮೊಳೆ ಬಿದ್ದ ಸದ್ದು ನನಗೆ ಹೊರಗೆ ಕೇಳಿಸಿತು.

ಆ ಮನೆ ಈಗಿಲ್ಲ. ಆ ಜಾಗದಲ್ಲಿ ಯಾವುದೋ ಕ್ಲಿನಿಕ್ಕು, ಕೆಳಗೆ ಕಾರು ನಿಲ್ಲಿಸಲು ಜಾಗ. ಅವರಿಬ್ಬರೂ ಇಲ್ಲ. ನನ್ನ ಗಂಡನೂ ಇಲ್ಲ. ಅವರನ್ನೆಲ್ಲ ಕಂಡವಳು ನಾನೊಬ್ಬಳು, ಅವರೆಕಾಯಿ ಸುಲಿಯುತ್ತಾ ಕೂತಿದ್ದೇನೆ.

ಮಗಳು ಕೈ ಒರೆಸಿಕೊಂಡು ಬಂದಳು. ಬೆರಳ ತುದಿಯಲ್ಲಿ ಆ ಮೊಳೆ.

"ಇದನ್ನ ಕಾಂಪೌಂಡ್ ಮೇಲೆ ಇಟ್ಬಿಡ್ತೀನಮ್ಮ. ಶನಿವಾರ ಅಲ್ವಾ, ಒಳಗೆ ತಂದ್ರೆ ಅಜ್ಜಿ ಬೈತಿದ್ರು."

"ಬೇಡ. ಇಲ್ಲಿ ಕೊಡು."

ಅಂಗೈಯಲ್ಲಿ ಇಟ್ಟುಕೊಂಡೆ. ಅವಳ ಕೈಯ ಬಿಸಿಗೆ ಇನ್ನೂ ಬೆಚ್ಚಗಿತ್ತು. ಮಗಳು ನನ್ನ ಮುಖವನ್ನೇ ನೋಡಿದಳು.

"ಯಾಕಮ್ಮ, ಕಣ್ಣಲ್ಲಿ ನೀರು?"

"ಆ ನಿನ್ನ ಸಲ್ಯೂಷನ್ ವಾಸನೆ ಕಣೆ. ಕಣ್ಣುರಿ."

ಅವಳು ನಂಬಿದಳು. ಇಲ್ಲವೇ ನಂಬಿದ ಹಾಗೆ ಇದ್ದಳು.