ಮೊದಲು ತಾವೇ ಮೂಸುತ್ತಿದ್ದ ಸಾಂಬ್ರಾಣಿ ಚಾಚಾ

ಮೊನ್ನೆ ಶುಕ್ರವಾರ ಮೊಮ್ಮಗಳ ತಲೆಗೆ ನೀರು ಹಾಕಿ, ಕೂದಲು ಒಣಗಿಸಲು ಸಾಂಬ್ರಾಣಿ ಹಚ್ಚಿದೆ. ಈಗ ಸಿಗುವ ಕಪ್ ಸಾಂಬ್ರಾಣಿ. ಕಡ್ಡಿ ಗೀರಿದರೆ ಸಾಕು. ಮೊದಲ ಹೊಗೆ ಮೂಗಿಗೆ ಬಡಿದದ್ದೇ ತಡ, ಸಾಂಬ್ರಾಣಿ ಚಾಚಾ ನೆನಪಾದರು. ಇಷ್ಟು ವರ್ಷವಾದರೂ ಆ ನೆನಪು ಹೋಗಿಲ್ಲ...

ದೊಡ್ಡಬಳ್ಳಾಪುರದ ಪೇಟೆಬೀದಿಯಲ್ಲಿ ನನ್ನದೊಂದು ರವಿಕೆ ಹೊಲಿಯುವ ಅಂಗಡಿ ಇದೆ. ಶುಕ್ರವಾರ ಸಂಜೆ ಅಲ್ಲಿಗೆ ಸಾಂಬ್ರಾಣಿ ಚಾಚಾ ಬರುತ್ತಿದ್ದರು. ಒಂದು ಕೈಯಲ್ಲಿ ಕೆಂಡದ ಪಾತ್ರೆ, ಇನ್ನೊಂದರಲ್ಲಿ ನವಿಲುಗರಿ, ಹೆಗಲಿಗೆ ಬಟ್ಟೆಯ ಜೋಳಿಗೆ. ಹಿಂದೂಗಳ ಅಂಗಡಿಯೋ ಮುಸ್ಲಿಮರ ಅಂಗಡಿಯೋ, ಅವರಿಗೆ ಎಲ್ಲವೂ ಒಂದೇ. ದೃಷ್ಟಿಯಾಗಿದೆ ಎಂದು ತಾಯಂದಿರು ಹಸುಗೂಸುಗಳನ್ನು ಎತ್ತಿಕೊಂಡು ಬಂದು ಅವರ ಹೊಗೆಗೆ ಹಿಡಿಯುತ್ತಿದ್ದರು.

ಅವರ ಸಾಂಬ್ರಾಣಿಯ ಘಮವೇ ಬೇರೆ. ಅದಕ್ಕೆ ಕಾರಣ ಆ ಜೋಳಿಗೆ. ಮುರಿದ ಊದುಬತ್ತಿ, ಹಬ್ಬದಲ್ಲಿ ಉಳಿದ ಧೂಪ, ಗಂಧದ ಚೂರು, ಹೀಗೆ ಅಂಗಡಿಯವರು ಬೇಡವಾದದ್ದನ್ನೆಲ್ಲ ಅದರಲ್ಲಿ ಹಾಕುತ್ತಿದ್ದರು. ಚಾಚಾ ಅದನ್ನು ತಮ್ಮ ಲೋಬಾನಕ್ಕೆ, ಅಂದರೆ ಸಾಂಬ್ರಾಣಿಗೆ, ಬೆರೆಸುತ್ತಿದ್ದರು. ಹೊಸದೇನು ಸಿಕ್ಕರೂ ಸ್ವಲ್ಪ ಕೆಂಡಕ್ಕೆ ಹಾಕಿ, ಮೊದಲು ತಾವೇ ಬಗ್ಗಿ ಎದೆ ತುಂಬ ಎಳೆದುಕೊಂಡು ನೋಡುವುದು ಅವರ ಪದ್ಧತಿ. ಬೀಡಿಯನ್ನೂ ಮುಟ್ಟದ ಮನುಷ್ಯ. "ನಿಮ್ ಬೀಡಿ ಇದೇ ಕಣ್ರೀ ಚಾಚಾ" ಎಂದು ನಾನು ಛೇಡಿಸಿದರೆ ಗಡ್ಡ ಅಲುಗಿಸಿ ನಗುತ್ತಿದ್ದರು.

ಒಂದು ಶುಕ್ರವಾರ ಸಂಜೆ ಅಂಗಡಿಯ ಒಳಗೆ ಸೀರೆಯ ಜೋಲಿಯಲ್ಲಿ ನನ್ನ ಮೊಮ್ಮಗಳು ಮಲಗಿದ್ದಳು. ಇನ್ನೂ ಕೈಗೂಸು. ಚಾಚಾ ಜೋಳಿಗೆಯಿಂದ ಒಂದು ಮಿರಿಮಿರಿ ಮಿಂಚುವ ಪೊಟ್ಟಣ ತೆಗೆದರು. ಪಕ್ಕದ ಬಟ್ಟೆ ಅಂಗಡಿಯವರು ಕೊಟ್ಟದ್ದು. ಅವರ ಮಹಡಿಯ ರೂಮಿನಲ್ಲಿ ಬಾಡಿಗೆಗಿದ್ದ ಹುಡುಗರು ಖಾಲಿ ಮಾಡಿಕೊಂಡು ಹೋದ ಮೇಲೆ ಕಸ ಗುಡಿಸುವಾಗ ಸಿಕ್ಕಿತ್ತಂತೆ. ಮೇಲೆ ಎಲೆಯ ಚಿತ್ರ, 'ಹರ್ಬಲ್ ಇನ್ಸೆನ್ಸ್' ಎಂದು ಇಂಗ್ಲಿಷಿನಲ್ಲಿ ದಪ್ಪಕ್ಷರ. ಧೂಪವನ್ನು ಬಿಸಾಡುವುದೇಕೆ ಎಂದು ಆ ಪುಣ್ಯಾತ್ಮರು ಜೋಳಿಗೆಗೆ ಹಾಕಿದ್ದರು.

"ಇರಮ್ಮಾ, ಹೊಸ ಮಾಲು. ಮೊದ್ಲು ನಾನು ನೋಡ್ತೀನಿ, ಆಮೇಲೆ ಪಾಪುಗೆ" ಎಂದರು ಚಾಚಾ.

ಒಣ ಎಲೆಯ ಪುಡಿಯನ್ನು ಕೆಂಡಕ್ಕೆ ಸುರಿದು, ಬಗ್ಗಿ ಎಳೆದುಕೊಂಡರು. ಪ್ಲಾಸ್ಟಿಕ್ ಸುಟ್ಟಂಥ ವಾಸನೆ. "ಘಮಾನೇ ಇಲ್ವಲ್ಲಮ್ಮಾ" ಎಂದು ಮತ್ತೊಮ್ಮೆ ಎಳೆದರು. ಸ್ವಲ್ಪ ಹೊತ್ತಿನಲ್ಲೇ ಅವರ ಕಣ್ಣು ಕೆಂಪಾಯಿತು, ಮೈಯೆಲ್ಲ ಬೆವರು. ಎದೆ ಹಿಡಿದುಕೊಂಡು, ಗೋಡೆ ಮೈಮೇಲೆ ಬರುತ್ತಿದೆ ಎಂದು ಕಿರುಚಿದರು. ನನ್ನ ಗುರುತೇ ಸಿಗಲಿಲ್ಲ ಅವರಿಗೆ. ವಾಂತಿ ಮಾಡಿಕೊಂಡು ಬಿದ್ದರು; ಆಮೇಲೆ ಫಿಟ್ಸ್. ಆ ಹೊಗೆಗೆ ನನ್ನ ಎದೆಯೂ ಡವಡವ ಹೊಡೆದುಕೊಳ್ಳುತ್ತಿತ್ತು, ತಲೆ ತಿರುಗುತ್ತಿತ್ತು. ಮಗುವನ್ನು ಬಾಚಿಕೊಂಡು ರಸ್ತೆಗೆ ಓಡಿ ಬಾಯಿ ಬಡಿದುಕೊಂಡೆ.

ಜನ ಸೇರಿ ಅವರನ್ನು ಬೆಂಗಳೂರಿನ ಆಸ್ಪತ್ರೆಗೆ ಸಾಗಿಸಿದರು. ಏನು ಸೇದಿದ್ದರು ಎಂದು ಡಾಕ್ಟರು ಕೇಳಿದಾಗ ಚಾಚಾನ ಮಗ ಜಗಳಕ್ಕೇ ನಿಂತ. ಇತ್ತ ಪೇಟೆಯಲ್ಲಿ, ಈ ವಯಸ್ಸಿನಲ್ಲಿ ಮುದುಕ ಗಾಂಜಾ ಹೊಡೆದನಂತೆ ಎಂಬ ಸುದ್ದಿ. ಕೇಳಿ ಮೈಯೆಲ್ಲ ಉರಿಯಿತು ನನಗೆ. ಪೊಟ್ಟಣ ಹುಡುಕಿ ತೆಗೆದುಕೊಂಡು ಮರುದಿನವೇ ಬಸ್ಸು ಹತ್ತಿದೆ.

ಡಾಕ್ಟರು ಅದನ್ನು ತಿರುಗಿಸಿ ನೋಡಿ ತಲೆ ಮೇಲೆ ಕೈ ಹೊತ್ತರು. "ಇದು ಧೂಪಾನೂ ಅಲ್ಲ, ಗಾಂಜಾನೂ ಅಲ್ಲಮ್ಮ. ಎಲೆ ಮೇಲೆ ಕೆಮಿಕಲ್ ಸಿಂಪಡಿಸಿರ್ತಾರೆ, ನಶೆಗೆ. ಗಾಂಜಾ ಟೆಸ್ಟ್ ಮಾಡಿದ್ರೆ ಗೊತ್ತೇ ಆಗಲ್ಲ. ಗಾಂಜಾಗಿಂತ ಜೋರು. ಹೃದಯಾನೋ, ಮೆದುಳೋ, ಕಿಡ್ನೀನೋ, ಯಾವುದಕ್ಕೆ ಹೊಡೆಯುತ್ತೆ ಅಂತ ಹೇಳೋಕಾಗಲ್ಲ" ಎಂದರು. ಪೊಟ್ಟಣದ ಹಿಂದೆ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ, ಮನುಷ್ಯರ ಸೇವನೆಗಲ್ಲ ಎಂದು ಬರೆದಿತ್ತು. ಇದನ್ನು ಬರೆದವನಿಗೆ ಎಲ್ಲ ಗೊತ್ತಿತ್ತಲ್ಲ! ಗೊತ್ತಿದ್ದೂ ಧೂಪವೆಂದು ಹೆಸರಿಟ್ಟನಲ್ಲ...

ಚಾಚಾಗೆ ಪ್ರಜ್ಞೆ ಬಂದಾಗ ನಾನು ಹತ್ತಿರವೇ ಇದ್ದೆ. ಅವರು ಮೊದಲು ಕೇಳಿದ್ದು ಒಂದೇ ಮಾತು: "ಪಾಪುಗೆ ಹಾಕ್ಬಿಟ್ನಾ?"

ಇಲ್ಲ ಎಂದೆ. ಆಣೆ ಮಾಡಿದೆ. ಅವರು ನಂಬಲಿಲ್ಲ.

ಅವರ ಕಿಡ್ನಿ ಕೆಟ್ಟಿತ್ತು. ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದ ದಿನಗಳಲ್ಲಿ ಒಂದು ಶುಕ್ರವಾರ ಮಗನ ಕೈ ಹಿಡಿದುಕೊಂಡು ಅಂಗಡಿಗೆ ಬಂದರು. ಪಾತ್ರೆಯೂ ಇಲ್ಲ, ಜೋಳಿಗೆಯೂ ಇಲ್ಲ. ಹೊಸ್ತಿಲಾಚೆಯೇ ನಿಂತು ಮಗುವನ್ನು ಕಣ್ಣು ತುಂಬ ನೋಡಿದರು. ಎತ್ತಿಕೊಳ್ಳಿ ಎಂದು ಮುಂದೆ ಚಾಚಿದೆ. "ಈ ಕೈ ಬೇಡಮ್ಮಾ" ಎಂದು ಎರಡೂ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡರು. ಆ ವರ್ಷದ ರಂಜಾನ್ ಬರುವ ಮೊದಲೇ ತೀರಿಹೋದರು.

ಮೊನ್ನೆಯೂ ಸಾಂಬ್ರಾಣಿ ಕಪ್ಪನ್ನು ಮುಖದ ಹತ್ತಿರ ತಂದುಕೊಂಡು ಒಮ್ಮೆ ಎಳೆದುಕೊಂಡೆ. ಕವುಚಿಟ್ಟ ಬುಟ್ಟಿಯ ಮೇಲೆ ಕೂದಲು ಹರಡಿಕೊಂಡು ಕೂತಿದ್ದ ಮೊಮ್ಮಗಳು ಕೇಳಿದಳು: "ಅಜ್ಜೀ, ಯಾವಾಗ್ಲೂ ಮೊದ್ಲು ನೀನೇ ಯಾಕೆ ಮೂಸ್ತೀಯ?"

"ಹಂಗೇ ಮಾಡ್ಬೇಕು ಕಣೇ, ಒಬ್ರು ಹಂಗೇ ಮಾಡಿದ್ರು" ಎಂದೆ. ಯಾರು ಎಂದು ಅವಳು ಕೇಳುತ್ತಲೇ ಇದ್ದಳು. ಕಪ್ಪನ್ನು ಬುಟ್ಟಿಯ ಕೆಳಗೆ ಸರಿಸಿ, ಹೊಗೆ ಕಣ್ಣಿಗೆ ಹೋಯಿತೆಂದು ಸೆರಗಿನಲ್ಲಿ ಮುಖ ಒರೆಸಿಕೊಂಡೆ.