ಬೀಗದ ಮುಚ್ಚಳ

ಚಳ್ಳಕೆರೆಯ ಎಣ್ಣೆ ಮಿಲ್ಲುಗಳು ಇನ್ನೂ ಉಸಿರಾಡುತ್ತಿದ್ದ ಕಾಲ ಅದು. ಶೇಂಗಾ ಸುಗ್ಗಿ ಮುಗಿದ ಮೇಲಂತೂ ಊರಿಗೆ ಊರೇ ಬಿಸಿ ಹಿಂಡಿಯ ವಾಸನೆ ಹೊಡೆಯುತ್ತಿತ್ತು. ಶಾಲೆಯ ಚೀಲಕ್ಕೆ, ತಲೆಗೂದಲಿಗೆ, ಕುಡಿಯುವ ನೀರಿಗೂ ಅದೇ ವಾಸನೆ. ನಮ್ಮದು ಎಣ್ಣೆ ವ್ಯಾಪಾರದ ಮನೆ. ಮಿಲ್ಲಿನಿಂದ ಡಬ್ಬ ಎತ್ತಿಸಿ ಮೊಳಕಾಲ್ಮೂರು, ದೇವಸಮುದ್ರದ ಅಂಗಡಿಗಳಿಗೆ ಹಾಕುವುದು ಅಪ್ಪ ಮತ್ತು ದೊಡ್ಡಪ್ಪನ ಕಸುಬು. ಅದಕ್ಕೆ ಒಂದು ಹಳೇ ಪೆಟ್ರೋಲ್ ಪಿಕಪ್ ಇತ್ತು, ಓಡಿಸಲು ಓಬಣ್ಣ ಇದ್ದ.

ಓಬಣ್ಣನ ಮಗಳು ಮಾರಕ್ಕ ನನ್ನ ಜೊತೆ ನಾಲ್ಕನೇ ಕ್ಲಾಸು. ಶನಿವಾರ ಬೆಳಗಿನ ಶಾಲೆ ಬಿಟ್ಟ ಕೂಡಲೇ ನಾವಿಬ್ಬರೂ ಪಿಕಪ್ಪಿನ ಮುಂದಿನ ಸೀಟು ಹತ್ತುತ್ತಿದ್ದೆವು. ಲಂಗದ ಮಡಿಲಲ್ಲಿ ಹುರಿದ ಶೇಂಗಾ, ಬೆಲ್ಲ. ಸಿಪ್ಪೆಯನ್ನು ಕಿಟಕಿಯಿಂದ ಗಾಳಿಗೆ ಬಿಡುವುದು. ಯಾರದ್ದು ತಿರುಗಿ ಮುಖಕ್ಕೇ ಬಂದು ಬೀಳುತ್ತದೋ ಅವರು ಸೋತ ಹಾಗೆ. ಮೊಳಕಾಲ್ಮೂರಿನಲ್ಲಿ ಓಬಣ್ಣ ಡಬ್ಬ ಇಳಿಸುವಷ್ಟು ಹೊತ್ತು ಮಗ್ಗದ ಮನೆಗಳ ಮುಂದೆ ಕುಂಟೆಬಿಲ್ಲೆ. ಮಗ್ಗದ ಸದ್ದಿಗೆ ಸರಿಯಾಗಿ ಕಾಲು ಹಾಕುವುದು ಮಾರಕ್ಕನಿಗೆ ಮಾತ್ರ ಬರುತ್ತಿತ್ತು.

ಇನ್ನು ದೊಡ್ಡಪ್ಪ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ಬದುಕಿದ್ದಾಗಲೂ ಯಾರೂ ಆಡಲಿಲ್ಲ, ಮತ್ತೆ ಯಾವಾಗ ಆಡುವುದು? ಹಣೆ ತುಂಬ ವಿಭೂತಿ ಬಳಿದುಕೊಂಡು ಜಗಲಿಯ ಮೇಲೆ ಕೂತರೆ ಅವನಿಗೆ ಗೊತ್ತಿಲ್ಲದ ವಿಷಯವೇ ಇರುತ್ತಿರಲಿಲ್ಲ. ಸ್ಪ್ಯಾನರು ಹಿಡಿದದ್ದನ್ನು ಮಾತ್ರ ಯಾರೂ ಕಂಡಿಲ್ಲ. ಮನುಷ್ಯರನ್ನು ನಂಬುವುದು ದಡ್ಡರ ಕೆಲಸ ಎಂಬುದು ಅವನ ಸಿದ್ಧಾಂತ. ಓಬಣ್ಣ ಪೆಟ್ರೋಲು ಕದ್ದು ಮಾರುತ್ತಾನೆ ಎಂದು ಒಂದು ದಿನ ಅವನಿಗೆ ಹೊಳೆಯಿತು. ಸಾಕ್ಷಿ ಏನೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಪೇಟೆಯಿಂದ ಫಳಫಳ ಹೊಳೆಯುವ, ಬೀಗ ಇರುವ ಮುಚ್ಚಳ ತಂದು ಪಿಕಪ್ಪಿನ ಟ್ಯಾಂಕಿಗೆ ಹಾಕಿಸಿದ. ಹಳೇ ತಗಡಿನ ಮುಚ್ಚಳವನ್ನು ಗುಜರಿಗೆ ಎಸೆದ. ಕೀಲಿಕೈ ಅವನ ಉಡಿದಾರದಲ್ಲಿ. ಪೆಟ್ರೋಲು ಹಾಕಿಸುವಾಗ ತಾನೇ ಬಂಕಿಗೆ ಹೋಗಿ ಬೀಗ ತೆಗೆದು, ಹಾಕಿಸಿ, ಮತ್ತೆ ಬೀಗ ಜಡಿದು ಬರುತ್ತಿದ್ದ.

ಆಮೇಲೆ ಸ್ವಲ್ಪ ದಿನಕ್ಕೇ ಗಾಡಿಗೆ ರೋಗ ಹಿಡಿಯಿತು. ಊರೊಳಗೆ ಚೆನ್ನಾಗಿಯೇ ಓಡುತ್ತಿತ್ತು. ಮೊಳಕಾಲ್ಮೂರಿನ ದಾರಿಯ ತಳಕು ದಾಟುವಷ್ಟರಲ್ಲಿ ಎಳೆತ ಕಡಿಮೆಯಾಗಿ, ಏರಿನಲ್ಲಿ ಕೆಮ್ಮಿ, ಎಂಜಿನ್ನಿನೊಳಗೆ ಫಟ್ ಎಂದು ಸದ್ದಾಗಿ ನಿಂತುಬಿಡುತ್ತಿತ್ತು. ಸ್ವಲ್ಪ ಹೊತ್ತಿಗೆ ಏನೂ ಆಗಿಲ್ಲವೆಂಬಂತೆ ಹೊರಡುತ್ತಿತ್ತು. ಒಂದು ದಿನ ನಿಂತರೆ ಎರಡು ದಿನ ಸರಿ. ಮೆಕ್ಯಾನಿಕ್ ಸಾಬರ ಶೆಡ್ಡಿಗೆ ಒಯ್ದರೆ ಅಲ್ಲಿ ರೋಗವೇ ಇಲ್ಲ. ಅವರು ಪ್ಲಗ್ಗು ಬಿಚ್ಚಿ ತೋರಿಸಿದರು. ಬೂದಿ ಬಳಿದ ಹಾಗೆ ಬೆಳ್ಳಗಿತ್ತು. ಗಾಳಿ ಜಾಸ್ತಿ ಹೋಗ್ತೈತೆ, ಪೆಟ್ರೋಲು ಸಾಕಾಗ್ತಿಲ್ಲ ಎಂದರು. ಕಾರ್ಬೊರೇಟರ್ ತೊಳೆದರು, ಪಂಪು ಬದಲಿಸಿದರು, ಪೈಪು ಊದಿದರು. ಮುಂದಿನ ಏರಿನಲ್ಲಿ ಮತ್ತೆ ಫಟ್.

ಓಬಣ್ಣ ಅದನ್ನೇ ಬಂದು ದೊಡ್ಡಪ್ಪನಿಗೆ ಹೇಳಿದ. ಜಗಲಿಯ ತುಂಬ ಜನ ಇದ್ದರು.

"ಪೆಟ್ರೋಲು ಸಾಕಾಗ್ತಿಲ್ವಾ? ಸೀಮೆಎಣ್ಣೆ ಬೆರೆಸಿದ್ರೆ ಹೆಂಗೆ ಸಾಕಾಗ್ತೈತಲೇ?" ಎಂದ ದೊಡ್ಡಪ್ಪ.

ಬೀಗದ ಕೀಲಿಕೈ ತನ್ನ ಸೊಂಟದಲ್ಲಿ ಇರುವಾಗ ಓಬಣ್ಣ ಬೆರೆಸುವುದು ಹೇಗೆ ಎಂದು ಅವನೂ ಯೋಚಿಸಲಿಲ್ಲ, ಕೂತಿದ್ದ ಪುಣ್ಯಾತ್ಮರೂ ಕೇಳಲಿಲ್ಲ. ಎಲ್ಲರೂ ತಲೆಯಾಡಿಸಿದರು. ನಮ್ಮಪ್ಪ ನೆಲ ನೋಡುತ್ತಿದ್ದ. ಅಣ್ಣನ ಮುಂದೆ ಅವನು ಯಾವಾಗಲೂ ನೆಲವನ್ನೇ ನೋಡುವುದು. ಓಬಣ್ಣ ಗಾಡಿಯ ಕೀಲಿಕೈಯನ್ನು ಜಗಲಿಯ ಅಂಚಿಗಿಟ್ಟು ಹೊರಟುಹೋದ.

ಮಾರನೇ ದಿನವೇ ಶಾಲೆಯಲ್ಲಿ ಅವಳು 'ಸೀಮೆಎಣ್ಣೆ ಮಾರಕ್ಕ' ಆಗಿಬಿಟ್ಟಳು. ಮೂಗು ಮುಚ್ಚಿಕೊಂಡು ಪಕ್ಕಕ್ಕೆ ಸರಿಯುವುದು ಹುಡುಗರಿಗೆ ಹೊಸ ಆಟವಾಯಿತು. ಹಾಗೆ ಮಾಡಿದ ಒಬ್ಬನ ಕೈ ಕಚ್ಚಿ ನಾನು ಮೇಷ್ಟ್ರಿಂದ ಏಟು ತಿಂದೆ. ಮಾರಕ್ಕ ಅಳಲಿಲ್ಲ. ಬೆಂಚಿನಲ್ಲಿ ನನ್ನಿಂದ ಒಂದು ಮೊಳ ದೂರ ಕೂತಳು, ಅಷ್ಟೇ.

ಆಮೇಲೆ ಗಾಡಿಯನ್ನು ಅಪ್ಪನೇ ಓಡಿಸತೊಡಗಿದ. ಗಾಡಿ ಹಾಗೆಯೇ ನಿಲ್ಲುತ್ತಿತ್ತು. ಹಳೇ ಸೀಮೆಎಣ್ಣೆ ಇನ್ನೂ ಒಳಗೆ ಕೂತಿದೆ ಎಂದ ದೊಡ್ಡಪ್ಪ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕು ಎಂದ. ಹಾಕಿ, ಸ್ವಲ್ಪ ಹೊತ್ತು ಕಾದರೆ ಗಾಡಿ ಹೊರಡುತ್ತಿತ್ತು. "ನೋಡಿದ್ಯಾ?" ಎನ್ನುತ್ತಿದ್ದ. ಇನ್ನೊಮ್ಮೆ ಚಕ್ರಕ್ಕೆ ನಿಂಬೆಹಣ್ಣು ಇಡಿಸಿದ. ಅದಕ್ಕೂ ಹೊರಟಿತು. ಮೀಸೆಯ ಮೇಲೆ ಕೈ ಆಡಿಸಿಕೊಂಡು ಈ ವಿದ್ಯೆಗಳನ್ನು ಊರಿಗೆಲ್ಲ ಹಂಚಿದ.

ಒಂದು ದಿನ ಅವ್ವ ದೇವಸಮುದ್ರದ ತವರಿಗೆ ಹೊರಟಳು. ಅಪ್ಪ ಓಡಿಸುತ್ತಿದ್ದ, ನಾನು ನಡುವೆ. ವಾಪಸು ಬರುವಾಗ ಟ್ಯಾಂಕು ತುಂಬಿಸಿಕೊಳ್ಳಲೆಂದು ಕೀಲಿಕೈಯನ್ನು ದೊಡ್ಡಪ್ಪ ಆವತ್ತು ಅಪ್ಪನಿಗೇ ಕೊಟ್ಟಿದ್ದ. ತಳಕು ದಾಟಿದ ಮೇಲೆ ಗಾಡಿ ನಿಂತಿತು. ಅಪ್ಪ ಒದ್ದೆ ಬಟ್ಟೆಗೆ ಕೈ ಹಾಕಿದ.

"ಏನೂ ಮಾಡ್ಬ್ಯಾಡ್ರಿ. ಸುಮ್ನೆ ಕುಂತ್ಕಳ್ರಿ" ಎಂದಳು ಅವ್ವ.

ಹುಣಸೆಮರದ ಕೆಳಗೆ ಬುತ್ತಿ ಬಿಚ್ಚಿದೆವು. ರೊಟ್ಟಿ, ಶೇಂಗಾ ಚಟ್ನಿ, ಹಸಿ ಈರುಳ್ಳಿ. ಕೈ ತೊಳೆದು ಬಂದು ಚಾಲು ಮಾಡಿದರೆ ಗಾಡಿ ಹೊರಟಿತು. ಬಟ್ಟೆಯೂ ಇಲ್ಲ, ನಿಂಬೆಹಣ್ಣೂ ಇಲ್ಲ. ಅವ್ವ ನಕ್ಕಳು. ಅದು ಸಂತೋಷದ ನಗುವಲ್ಲ.

ಮುಂದೆ ಮತ್ತೆ ನಿಂತಾಗ, ಪೆಟ್ರೋಲಾದ್ರೂ ಐತಾ ನೋಡ್ರಿ ಎಂದಳು. ಅಪ್ಪ ಬೀಗ ತಿರುಗಿಸಿ ಮುಚ್ಚಳ ಎಳೆದ. ಅದು ಸುಲಭಕ್ಕೆ ಬರಲಿಲ್ಲ. ಬಂದಾಗ ಬುಸ್ ಎಂದು ಟ್ಯಾಂಕು ಗಾಳಿಯನ್ನು ಒಳಗೆ ಎಳೆದುಕೊಂಡಿತು. ಪೆಟ್ರೋಲು ಬೇಕಾದಷ್ಟಿತ್ತು. ಚಾಲು ಮಾಡಿದರೆ, ಕಾಯುವುದೇ ಬೇಡ, ಥಟ್ಟನೆ ಶುರುವಾಯಿತು.

ಅವ್ವ ಮುಚ್ಚಳ ಇಸಕೊಂಡು ತಿರುಗಿಸಿ ನೋಡಿದಳು. ಎಲ್ಲೂ ಸೂಜಿಮೊನೆಯಷ್ಟೂ ತೂತಿಲ್ಲ.

"ಒಂದೇ ತೂತು ಹೊಡೆದ ಡಬ್ಬದಾಗಿಂದ ಎಣ್ಣೆ ಬರ್ತೈತೇನ್ರಿ?" ಎಂದು ಕೇಳಿದಳು.

ಎಣ್ಣೆ ವ್ಯಾಪಾರದ ಮನೆಯಲ್ಲಿ ಇದು ಕೂಸಿಗೂ ಗೊತ್ತು. ಡಬ್ಬಕ್ಕೆ ಎರಡು ತೂತು ಹೊಡೆಯಬೇಕು, ಒಂದು ಎಣ್ಣೆ ಬರಲಿಕ್ಕೆ, ಇನ್ನೊಂದು ಗಾಳಿ ಹೋಗಲಿಕ್ಕೆ. ಹಳೇ ಮುಚ್ಚಳದಲ್ಲಿ ಗಾಳಿಗೆ ಸಣ್ಣ ತೂತು ಇದ್ದಿರಬೇಕು. ಹೊಸದು ಟ್ಯಾಂಕಿನ ಉಸಿರು ಕಟ್ಟಿಸಿತ್ತು. ಪಂಪು ಎಳೆದರೂ ಪೆಟ್ರೋಲು ಮೇಲೆ ಬರುತ್ತಿರಲಿಲ್ಲ. ನಿಲ್ಲಿಸಿ ಕಾದರೆ ಎಲ್ಲೋ ಸಂದಿಯಿಂದ ಗಾಳಿ ಸೇರಿ ಸರಿಹೋಗುತ್ತಿತ್ತು, ಹೆಸರು ನಿಂಬೆಹಣ್ಣಿಗೆ. ಜೀವಮಾನವೆಲ್ಲ ಎಣ್ಣೆ ಡಬ್ಬ ಮಾರಿ ಹೊಟ್ಟೆ ಬೆಳೆಸಿದ ದೊಡ್ಡಪ್ಪನಿಗೆ ಇದು ಹೊಳೆದಿರಲಿಲ್ಲ. ಟ್ಯಾಂಕಿನ ಬಾಯಿಗೆ ಬಟ್ಟೆ ಕಟ್ಟಿ ದೇವಸಮುದ್ರಕ್ಕೆ ಹೋಗಿ ವಾಪಸು ಬಂದೆವು. ಗಾಡಿ ಒಮ್ಮೆಯೂ ಕೆಮ್ಮಲಿಲ್ಲ.

ಅವ್ವ ಮುಚ್ಚಳವನ್ನು ಜಗಲಿಯಲ್ಲಿ ದೊಡ್ಡಪ್ಪನ ಮುಂದಿಟ್ಟು ನಡೆದದ್ದನ್ನೆಲ್ಲ ಹೇಳಿದಳು. ಅವನು ಮುಚ್ಚಳವನ್ನು ನೋಡಲೂ ಇಲ್ಲ. "ಬೀಗ ಹಾಕಿದ್ಮೇಲೇ ಕಳ್ಳತನ ನಿಂತಿದ್ದು, ಅದನ್ನೂ ಹೇಳು" ಎಂದ.

ಅವ್ವ ನನ್ನನ್ನು ಕರೆದುಕೊಂಡು ನೇರ ಓಬಣ್ಣನ ಮನೆಗೆ ಹೋದಳು. ಬಾಗಿಲಲ್ಲಿ ಸಾಮಾನು ಕಟ್ಟಿದ ಗಂಟುಗಳಿದ್ದವು. ರಾಯದುರ್ಗದಲ್ಲಿ ಹೆಂಡತಿಯ ಅಣ್ಣ ಲಾರಿ ಕೆಲಸ ನೋಡಿದ್ದಾನಂತೆ. ಕೆಲಸಕ್ಕೆ ವಾಪಸು ಬಾ ಎಂದು ಅವ್ವ ಕೇಳಿಕೊಂಡಳು. ಓಬಣ್ಣ ಕೈಯಲ್ಲಿದ್ದ ಗಂಟನ್ನು ಕೆಳಗಿಟ್ಟ.

"ದೊಡ್ಡ ಸಾವ್ಕಾರ್ರು ಬರ್ಲಿ ಅಕ್ಕಾ. ಆವತ್ತು ಜಗಲಿ ಮ್ಯಾಲೆ ಜನ ಕುಂತಿದ್ರಲ್ಲ, ಅವ್ರ ಮುಂದೆ ಒಂದ್ಮಾತು ಹೇಳ್ಲಿ. ನಾಳೇನೇ ಗಾಡಿ ಹತ್ತುತೀನಿ."

ದೊಡ್ಡಪ್ಪ ಸೋಮವಾರ ಗುಡಿಗೆ ಹೋಗುವ ದಾರಿಯಲ್ಲೇ ಆ ಮನೆ. ಆ ಸೋಮವಾರವೂ ವಿಭೂತಿ ಬಳಿದುಕೊಂಡು ಗುಡಿಗೆ ಹೋದ, ಕೈಮುಗಿದು ಬಂದ. ಆ ಬಾಗಿಲ ಮುಂದೆ ಕಾಲು ನಿಲ್ಲಿಸಲಿಲ್ಲ. ಅದೇ ವಾರ ಓಬಣ್ಣನ ಮನೆಯವರು ಬಸ್ಸು ಹತ್ತಿದರು. ನಾನು ಶಾಲೆಯಲ್ಲಿದ್ದೆ. ಬೆಂಚಿನಲ್ಲಿ ಮಾರಕ್ಕನ ಜಾಗ ಖಾಲಿಯಿತ್ತು.

ಈಗ ಚಳ್ಳಕೆರೆಗೆ ಹೋದರೆ ಮಿಲ್ಲುಗಳು ಮುಚ್ಚಿದವು ಎಂದು ನನ್ನ ವಯಸ್ಸಿನವರು ಕೊರಗುತ್ತಾರೆ. ಹಿಂಡಿಯ ವಾಸನೆ ಹೋಯಿತು, ಶೇಂಗಾ ರುಚಿ ಹೋಯಿತು ಎನ್ನುತ್ತಾರೆ. ದೊಡ್ಡಪ್ಪನಂಥ ದೊಡ್ಡ ಮನುಷ್ಯರು ಈಗೆಲ್ಲಿ ಎಂದೂ ಹೇಳುತ್ತಾರೆ. ಅವನು ಸತ್ತಾಗ ಅಂಗಡಿಗಳು ಅರ್ಧ ದಿನ ಬಾಗಿಲು ಹಾಕಿದ್ದವು. ಅದೆಲ್ಲ ಕೇಳಿ ನಾನು ಚಹಾ ಕುಡಿದು ಏಳುತ್ತೇನೆ. ರಾಯದುರ್ಗಕ್ಕೆ ಹೋದಾಗಲೆಲ್ಲ ಬಸ್‌ಸ್ಟ್ಯಾಂಡಿನಲ್ಲಿ ನನ್ನ ವಯಸ್ಸಿನ ಹೆಂಗಸರ ಮುಖ ನೋಡುತ್ತೇನೆ. ಮಾರಕ್ಕ ಈಗ ಎದುರಿಗೇ ಬಂದು ನಿಂತರೂ ನನಗೆ ಅವಳ ಗುರುತು ಸಿಗಲಾರದು.