ಗಂಧಕದ ಖೋಲಿ

ಆ ಎರಡು ಚೀಲಗಳನ್ನು ವಿಜಯಪುರದ ಬಸ್ ನಿಲ್ದಾಣದಲ್ಲಿ ಇಳಿಸಿಕೊಂಡವನು ನಾನು. ಮೈಸೂರು ಕಡೆಯ ಬಸ್ಸು ತಡವಾಗಿ ಬಂದಿತ್ತು. ಕಂಡಕ್ಟರ್ ಚೀಲವನ್ನು ಮೂಸಿ, “ಇದರಾಗ ಏನೈತ್ರಿ?” ಎಂದ. ಕಾಫಿ ಬೀಜ ಎಂದೆ. “ಚಹಾ ಕುಡಿಯೋ ಊರಿಗೆ ಇಷ್ಟು ಕಾಫಿ ತಂದು ಏನ್ ಮಾಡ್ತೀರಿ?” ಎಂದು ನಕ್ಕು ಹೋದ.

ಚೀಲ ನನ್ನವಲ್ಲ. ತಿಕೋಟಾದಲ್ಲಿ ನಮ್ಮ ಕಾಕಾನ ಮನೆಯ ಹೊರಗಿನ ಖೋಲಿಯಲ್ಲಿ ಬಾಡಿಗೆಗಿದ್ದ ನರ್ಸಿನವು. ಆಕೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹೆಣ್ಣುಮಗಳು. ಸರ್ಕಾರಿ ಕೆಲಸ ಸಿಕ್ಕು ರಾಜ್ಯದ ಆ ತುದಿಯಿಂದ ಈ ತುದಿಗೆ ಬಂದಿದ್ದಳು. ಸೋಲಿಗರು ತಮ್ಮ ಊರಿಗೆ ಪೋಡು ಎನ್ನುತ್ತಾರೆ. ಅವಳ ಪೋಡಿನಲ್ಲಿ ಮನೆಮನೆಗೂ ಕಾಡುಮರಗಳ ನೆರಳಿನಲ್ಲಿ ಒಂದಿಷ್ಟು ಕಾಫಿ ಗಿಡಗಳಿವೆ. ಗೊಬ್ಬರದ ಚೀಲ, ಔಷಧದ ಡಬ್ಬಿ ಅಲ್ಲಿಗೆ ಹತ್ತಿಲ್ಲ. ಆದರೆ ಕೊಯ್ಲಿನ ಕಾಲಕ್ಕೆ ಜೀಪಿನಲ್ಲಿ ಬರುವ ವ್ಯಾಪಾರಿ ಎಲ್ಲರ ಬೀಜವನ್ನೂ ಒಂದೇ ರಾಶಿಗೆ ಸುರಿದುಕೊಂಡು, ಬೇರೆ ತೋಟಗಳ ಕಾಫಿಯ ಜೊತೆ ಬೆರೆಸುತ್ತಾನೆ. ಬೆಟ್ಟ ಇಳಿದ ಮೇಲೆ ಅದು ಯಾರ ಕಾಫಿಯೂ ಅಲ್ಲ.

ಆ ವರ್ಷ ಅವಳ ತಮ್ಮ ಕೆಂಪಗೆ ಹಣ್ಣಾದದ್ದನ್ನು ಮಾತ್ರ ಆರಿಸಿ ಕೊಯ್ದು, ಚಾಪೆಯ ಮೇಲೆ ಒಣಗಿಸಿ, ಎರಡು ಚೀಲವನ್ನು ಜೀಪಿಗೆ ಹಾಕದೆ ಉಳಿಸಿಕೊಂಡಿದ್ದ. ಅದಕ್ಕೆ ಕಾರಣ ವಿಜಯಪುರದ ಜೋರಾಪುರ ಪೇಟೆಯ ಒಬ್ಬ ಚಹಾಪುಡಿ ವ್ಯಾಪಾರಿ. ತಂದೆಯ ಕಾಲದಿಂದ ಚಹಾ ಮಾರಿದ ಮನೆಯವನು, ಊರಲ್ಲಿ ಒಂದು ಒಳ್ಳೆಯ ಕಾಫಿಯ ಅಂಗಡಿ ತೆರೆಯುವ ಹಟ ಹಿಡಿದಿದ್ದ. ನಮ್ಮ ಪತ್ರಿಕೆಯ ಸುದ್ದಿಗಾಗಿ ಅವನಲ್ಲಿಗೆ ಹೋದಾಗ ನರ್ಸಿನ ವಿಷಯ ಹೇಳಿದ್ದೆ. ರುಚಿ ಒಪ್ಪಿಗೆಯಾದರೆ ಮುಂದಿನ ಕೊಯ್ಲಿನಿಂದ ಇಡೀ ಪೋಡಿನ ಕಾಫಿ ತಾನೇ ಕೊಳ್ಳುವೆ, ಪೊಟ್ಟಣದ ಮೇಲೆ ಪೋಡಿನ ಹೆಸರೇ ಇರುತ್ತದೆ ಎಂದ. ಒಂದೇ ಷರತ್ತು: ಗಿಡದಿಂದ ಕಪ್ಪಿನ ತನಕ ಯಾವ ರಾಸಾಯನಿಕವೂ ಮುಟ್ಟಿರಬಾರದು.

ಅವನ ಅಂಗಡಿಗೆ ಹುರಿಯುವ ಯಂತ್ರ ಬರುವ ತನಕ ಚೀಲಗಳು ತಿಕೋಟಾದಲ್ಲೇ ಇರಬೇಕಾಯಿತು. ನರ್ಸು ಅವನ್ನು ತನ್ನ ಮಂಚದ ಪಕ್ಕ ಹಲಗೆಯ ಮೇಲೆ ಇಟ್ಟಳು. ಕಾಕಾ ಬಂದು ಬೆರಳಿನಿಂದ ಒತ್ತಿ ನೋಡಿದ.

“ಸಿಸ್ಟರ್, ನಮ್ಮ ಕಡೆ ಕಾಪಿ ಅಂದ್ರ ಪರೀಕ್ಷಾದಾಗ ಹೊಡಿಯೂದು. ನಿಮ್ಮ ತಮ್ಮ ಚೀಲಗಟ್ಲೆ ಕಳಿಸ್ಯಾನಲ್ಲಬೇ!”

“ಹೊಡೆಯೋದಲ್ಲ ಕನ ಕಾಕಾ, ಕುಡಿಯೋದು.”

“ಕನ ಅಂತ, ಕನ!” ಕಾಕಾ ನಕ್ಕ. ಅವಳ ಆ ಮಾತನ್ನು ಅಣಕಿಸುವುದು ಅವನಿಗೆ ದಿನದ ಖುಷಿ. ಅವಳು ಅವನ ಸಕ್ಕರೆ ಕಾಯಿಲೆಗೆ ಚುಚ್ಚುಮದ್ದು ಕೊಡುವಾಗ ಅವನು ಮುಖ ತಿರುಗಿಸುವುದನ್ನು ಅಣಕಿಸಿ ಸೇಡು ತೀರಿಸಿಕೊಳ್ಳುತ್ತಿದ್ದಳು.

ಕಾಕಾನದು ದ್ರಾಕ್ಷಿ ತೋಟ. ಬೇಸಿಗೆ ಬಂದರೆ ಅವನ ಲೋಕವೆಲ್ಲ ಒಣದ್ರಾಕ್ಷಿ, ಅವನ ಮಾತಿನಲ್ಲಿ ಮಣೂಕ. ಒಣಗಿದ ಹಣ್ಣನ್ನು ಹಿತ್ತಲಿನ ದೊಡ್ಡ ಖೋಲಿಯಲ್ಲಿ ಇಟ್ಟು, ಕಿಟಕಿ ಬಾಗಿಲು ಭದ್ರಪಡಿಸಿ, ತಗಡಿನ ತಟ್ಟೆಯಲ್ಲಿ ಗಂಧಕ ಸುಡುತ್ತಾನೆ. ಆ ಹೊಗೆಗೆ ಹಣ್ಣಿನ ಬಣ್ಣ ಬಂಗಾರದಂತಾಗುತ್ತದೆ, ಹುಳ ಹತ್ತುವುದಿಲ್ಲ.

ಏಪ್ರಿಲ್‌ನಲ್ಲಿ ನರ್ಸಿಗೆ ಬಬಲೇಶ್ವರ ಕಡೆ ಲಸಿಕೆ ಕೆಲಸ ಬಿತ್ತು. ಕೆಲವು ದಿನ ಸಾರವಾಡದಲ್ಲೇ ಉಳಿದಳು. ತಿರುಗಿ ಬಂದಾಗ ಚೀಲ ಹಲಗೆಯ ಮೇಲೆ ಇರಲಿಲ್ಲ. ಅವಳ ಖೋಲಿಯಲ್ಲಿ ಇಲಿ ಓಡಾಡಿದ ಸದ್ದು ಕೇಳಿ, ಒಂದು ಚೀಲದ ಮೂಲೆ ಕಡಿದದ್ದನ್ನೂ ಕಂಡು, ಹಿತ್ತಲ ಖೋಲಿಗೆ ಸಾಗಿಸಿದ್ದೇನೆ ಎಂದು ಕಾಕಾ ಹೇಳಿದ. ಕಡಿದ ಜಾಗವನ್ನು ದಬ್ಬಣದಿಂದ ಹೊಲಿದಿದ್ದ. ಅವಳು ಕೈಮುಗಿದಳು. ಅಷ್ಟಕ್ಕೆ ಆ ಮಾತು ಮುಗಿಯಿತು.

ಯಂತ್ರ ಬಂದ ಮೇಲೆ ಕಾಕಾ ತನ್ನ ಗಾಡಿಯಲ್ಲೇ ನಮ್ಮನ್ನು ಜೋರಾಪುರ ಪೇಟೆಗೆ ಕರೆತಂದ. ಮದುವೆಗೆ ಹಾಕುವ ಬಿಳಿ ಟೊಪ್ಪಿಗೆ ಹಾಕಿದ್ದ. ವ್ಯಾಪಾರಿ ಒಂದು ಹಿಡಿ ಬೀಜ ಹುರಿದು, ಬೀಸಿ, ಕಪ್ಪುಗಳಿಗೆ ಹಾಕಿ ಬಿಸಿನೀರು ಎರೆದ. ಚಮಚದಿಂದ ಹೀರಿದ. ಇನ್ನೊಂದು ಕಪ್ಪನ್ನು ಮೂಗಿನ ಹತ್ತಿರ ಹಿಡಿದ. ಎದ್ದು ಹೋಗಿ ಚೀಲದ ಬಾಯಿ ಬಿಚ್ಚಿ, ತಲೆ ಒಳಗೆ ಹಾಕಿ ಮೂಸಿದ.

“ಸಿಸ್ಟರ್, ಇದಕ್ಕ ಯಾವುದರ ಹೊಗಿ ಏನರ ತಾಗೈತೇನ್ರಿ?”

“ಇಲ್ವಲ್ಲಾ. ನನ್ ತಮ್ಮ ಒಲೆ ಹತ್ರನೂ ಮಡಗಿಲ್ಲ.”

“ಕಡ್ಡಿಪೆಟ್ಟಿಗಿ ಗೀರಿದಂಗ ವಾಸನಿ ಬರಾಕತ್ತೈತಿ.”

ಆಗ ಬೆಂಚಿನ ಮೇಲಿದ್ದ ಕಾಕಾ ಮುಂದೆ ಬಾಗಿದ. ಅವನ ಮುಖದಲ್ಲಿ ಹೆಮ್ಮೆ ಇತ್ತು. “ನಾನ ಹಾಕೀನ್ರಿ ಹೊಗಿ! ಮಣೂಕಕ್ಕ ಹಾಕೂಮುಂದ ಇದನ್ನೂ ಅಲ್ಲೇ ಇಟ್ಟಿದ್ದೆ. ಎರಡು ಸಲ ಕೊಟ್ಟೀನಿ. ಒಂದು ಹುಳ ತೋರಸ್ರಿ ನೋಡೂಣು.”

ನರ್ಸು ಕಪ್ಪುಗಳನ್ನೇ ನೋಡುತ್ತಿದ್ದಳು. ವ್ಯಾಪಾರಿ ಚೀಲದ ಬಾಯನ್ನು ನಿಧಾನವಾಗಿ ಕಟ್ಟಿದ.

“ಕಾಕಾ, ನೀವು ಛಲೋದಕ್ಕಂತನ ಮಾಡೀರಿ,” ಎಂದು ಅವಳ ಕಡೆ ತಿರುಗಿದ. “ಆದರ ಇದರ ಮ್ಯಾಲ ಸಾವಯವ ಅಂತ ಬರಿಯಾಕ ನನಗ ಕೈ ಬರೂದಿಲ್ಲ ತಂಗಿ. ರುಚಿನೂ ಹೋಗೇತಿ. ತಮ್ಮನ ಕಡೆ ಬ್ಯಾರೆ ಏನರ ಉಳದೈತೇನು?”

“ಮಿಕ್ಕಿದ್ದೆಲ್ಲ ಜೀಪಿನೋರು ತಕ್ಕೊಂಡೋದ್ರು.”

“ಹಂಗಾರ ಮುಂದಿನ ಸಲ ನೋಡೂಣ್ರಿ.”

ಜೋರಾಪುರ ಪೇಟೆಯಲ್ಲಿ ಇಲ್ಲ ಎನ್ನಲು ಮನಸ್ಸಾಗದವರು ಹೇಳುವ ಮಾತು ಅದು. ನನಗೆ ಗೊತ್ತಿತ್ತು. ಅವಳಿಗೂ ತಿಳಿಯಿತೆಂದು ಅವಳು ಚೀಲ ಎತ್ತಿದ ರೀತಿಯಲ್ಲೇ ಗೊತ್ತಾಯಿತು.

ತಿಕೋಟಾದ ದಾರಿಯುದ್ದಕ್ಕೂ ಕಾಕಾ ಗಾಡಿಯನ್ನು ಎಂದಿಗಿಂತ ಮೆಲ್ಲಗೆ ಓಡಿಸಿದ. ಟೊಪ್ಪಿಗೆ ತೆಗೆದು ಮುಂದಿಟ್ಟಿದ್ದ. ಊರು ಸಮೀಪಿಸಿದಾಗ ಕೇಳಿದ: “ಹೊಗಿ ಹಾಕಬಾರದಾಗಿತ್ತೇನು?” ನನ್ನನ್ನು ಕೇಳಿದ್ದು. ಹಿಂದೆ ಕೂತಿದ್ದ ಅವಳೇ ಉತ್ತರ ಕೊಟ್ಟಳು.

“ಇಲಿ ತಿನ್ನದಂಗೆ ಕಾದ್ರಲ್ಲ ಕಾಕಾ. ಬುಡಿ.”

ಆ ಸಂಜೆ ಅವಳು ಅಂಗಳದಲ್ಲಿ ನಿಂತು ತಮ್ಮನಿಗೆ ಫೋನ್ ಮಾಡಿದಳು. ಅವರ ನುಡಿ ನನಗೆ ಪೂರ್ತಿ ತಿಳಿಯಲಿಲ್ಲ. ಹೊಗೆ ಎಂಬ ಮಾತು ಬಂತು, ಇಲಿ ಎಂಬ ಮಾತು ಬಂತು. ಕಾಕಾನ ಹೆಸರು ಬರಲಿಲ್ಲ.

ಪೋಡಿನವರು ತಮ್ಮನಿಗೆ ಏನೂ ಅನ್ನಲಿಲ್ಲವಂತೆ. ಆದರೆ ಮುಂದಿನ ಕೊಯ್ಲಿಗೆ ಹಣ್ಣು ಆರಿಸುತ್ತಾ ಯಾರೂ ಕಾಯಲಿಲ್ಲ. ಜೀಪು ಬಂತು, ಎಲ್ಲರದನ್ನೂ ತುಂಬಿಕೊಂಡು ಇಳಿಯಿತು. ಜೋರಾಪುರ ಪೇಟೆಯ ಅಂಗಡಿಯಲ್ಲಿ ಯಂತ್ರದ ಮೇಲೆ ಈಗ ಚಹಾಪುಡಿಯ ಡಬ್ಬಿಗಳಿವೆ.

ಆ ಎರಡು ಚೀಲದ ಕಾಫಿಯನ್ನು ಕಾಕಾನ ಮನೆಯಲ್ಲೇ ಕುಡಿದರು. ಹಾಲು ಹೆಚ್ಚು ಹಾಕಿದರೂ ನನಗೆ ಆ ವಾಸನೆ ಬರುತ್ತಿತ್ತು. “ಎಲ್ಲಿ ಬರತೈತೋ? ನನಗೇನೂ ಬರವಲ್ದು,” ಎನ್ನುತ್ತಿದ್ದ ಕಾಕಾ. ಸುಳ್ಳು ಹೇಳುತ್ತಿರಲಿಲ್ಲ. ಅಷ್ಟು ವರ್ಷ ಗಂಧಕ ಸುಟ್ಟ ಮನುಷ್ಯ.

ಈ ಬೇಸಿಗೆ ಹೋದಾಗ ಅವನು ನನ್ನನ್ನೂ ನರ್ಸನ್ನೂ ಹಿತ್ತಲಿಗೆ ಕರೆದ. ದೊಡ್ಡ ಖೋಲಿಯ ಒಂದು ಭಾಗಕ್ಕೆ ಗೋಡೆ ಎಬ್ಬಿಸಿ ಬೇರೆ ಮಾಡಿದ್ದ. ನೆಲ ಸಾರಿಸಿ, ಸುಣ್ಣ ಬಳಿದು, ಇಲಿ ಹತ್ತದಂಥ ಕಬ್ಬಿಣದ ಸ್ಟ್ಯಾಂಡು ಹಾಕಿಸಿದ್ದ. ಅದರ ಮೇಲೆ ಏನೂ ಇರಲಿಲ್ಲ.

“ಇಲ್ಲಿ ಹೊಗಿ ಹಾಕಿಲ್ಲಬೇ ಯವ್ವಾ. ನಿಮ್ಮ ತಮ್ಮಗ ಹೇಳು. ಕಳಿಸೂದಿದ್ರ ಕಳಿಸಲಿ.”

ಅವಳು ಒಳಗೆ ಹೋಗಿ ಸ್ಟ್ಯಾಂಡಿನ ಮೇಲೆ ಕೈಯಾಡಿಸಿದಳು. ಸುಣ್ಣದ ಗೋಡೆಯ ಹತ್ತಿರ ಒಂದು ಗಳಿಗೆ ನಿಂತಳು.

“ಚೆನ್ನಾಗದೆ ಕನ ಕಾಕಾ,” ಎಂದಳು.

ನಾನು ಹೊಸ್ತಿಲ ಆಚೆಯೇ ನಿಂತಿದ್ದೆ. ಕಡ್ಡಿ ಗೀರಿದಂಥ ಆ ವಾಸನೆ ಅಲ್ಲಿಗೂ ಬರುತ್ತಿತ್ತು.